ಪ್ರಶ್ನೋತ್ತರ: ಊರಿನ ಸೇವಾ ಕ್ಲಬ್ಬುಗಳ ಒಳಗು ಹೊರಗು

ಆಷಾಢದ ಮಳೆ ಹಿಡಿಯುವ ಹೊತ್ತಿಗೆ ಸೇವಾ ಕ್ಲಬ್ಬುಗಳ ಪದಗ್ರಹಣದ ಕಾಲವೂ ಬಂದಿರುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಕುರಿತವು. ಕೆಲವು ಕುತೂಹಲದವು, ಕೆಲವು ಸಿಟ್ಟಿನವು. ಮಲೆನಾಡಿನ ಸಣ್ಣ ಊರೊಂದರ ಕ್ಲಬ್ಬಿನಲ್ಲಿ ಎರಡು ಅವಧಿಗೆ ಕಾರ್ಯದರ್ಶಿಯಾಗಿದ್ದವನು ನಾನು. ಆದ್ದರಿಂದ ಇಲ್ಲಿ ಬರುವ ಮೆಚ್ಚುಗೆಯಲ್ಲಿ ನನಗೆ ಪಾಲಿಲ್ಲದಿದ್ದರೂ ದೂರುಗಳಲ್ಲಿ ಖಂಡಿತ ಇದೆ.

ಪ್ರಶ್ನೆ: ಜುಲೈ ಬಂತೆಂದರೆ ಪತ್ರಿಕೆಯ ಸ್ಥಳೀಯ ಪುಟದ ತುಂಬ ಪದಗ್ರಹಣದ ಚಿತ್ರಗಳು. ಎಲ್ಲರೂ ಒಂದೇ ತಿಂಗಳಲ್ಲಿ ಅಧ್ಯಕ್ಷರನ್ನು ಬದಲಿಸುವುದೇಕೆ? ಒಂದೇ ವರ್ಷದ ಅಧಿಕಾರದಲ್ಲಿ ಯಾರಾದರೂ ಏನು ತಾನೇ ಮಾಡಬಲ್ಲರು? — ಓದುಗರು, ತೀರ್ಥಹಳ್ಳಿ

ರೋಟರಿ ಮತ್ತು ಲಯನ್ಸ್ ಸಂಸ್ಥೆಗಳ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಯುವಜನರ ಸಂಘಟನೆಯಾದ ಜೇಸಿಯವರದು ಮಾತ್ರ ಜನವರಿಯಿಂದ ಡಿಸೆಂಬರ್. ಹಾಗಾಗಿ ಅವರ ಚಿತ್ರಗಳನ್ನು ನೀವು ವರ್ಷದ ಕೊನೆಯಲ್ಲಿ ನೋಡಿರುತ್ತೀರಿ. ಅಧಿಕಾರ ಕೈಯಿಂದ ಕೈಗೆ ಹೋಗುತ್ತಿರಬೇಕೆಂಬುದು ಈ ಸಂಸ್ಥೆಗಳಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. 1905ರ ಫೆಬ್ರುವರಿ 23ರಂದು ಷಿಕಾಗೊದ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರೊಂದಿಗೆ ಕಟ್ಟಿದ ಕ್ಲಬ್ಬು ವಾರಕ್ಕೊಬ್ಬ ಸದಸ್ಯರ ಕಚೇರಿಯಲ್ಲಿ ಸರದಿಯ ಮೇಲೆ ಸೇರುತ್ತಿತ್ತು. ರೋಟರಿ ಎಂಬ ಹೆಸರು ಆ ಸರದಿಯಿಂದಲೇ ಬಂದದ್ದು. ಅದೇ ಊರಿನಲ್ಲಿ ವಿಮಾ ವ್ಯವಹಾರ ನಡೆಸುತ್ತಿದ್ದ ಮೆಲ್ವಿನ್ ಜೋನ್ಸ್ ಅವರ ಪ್ರಯತ್ನದಿಂದ 1917ರಲ್ಲಿ ಲಯನ್ಸ್ ಹುಟ್ಟಿತು. ರೋಟರಿ 1919ರಲ್ಲಿ ಕಲ್ಕತ್ತಕ್ಕೂ, ಲಯನ್ಸ್ 1956ರಲ್ಲಿ ನಮ್ಮ ದೇಶಕ್ಕೂ ಕಾಲಿಟ್ಟವು.

ಒಂದು ವರ್ಷದ ಮಿತಿಯಿಂದ ಒಳ್ಳೆಯದೂ ಆಗಿದೆ. ಊರಿನ ದೇವಸ್ಥಾನದ ಸಮಿತಿಯಲ್ಲೋ ಸಹಕಾರಿ ಸಂಘದಲ್ಲೋ ಇಪ್ಪತ್ತು ವರ್ಷ ಒಬ್ಬರೇ ಕುರ್ಚಿ ಹಿಡಿದು ಕೂತದ್ದನ್ನು ಕಂಡವರಿಗೆ ಇದರ ಬೆಲೆ ತಿಳಿದಿರುತ್ತದೆ. ಆದರೆ ಕೆಡುಕೂ ಇದರೊಳಗೇ ಇದೆ: ಪ್ರತಿ ಅಧ್ಯಕ್ಷರಿಗೂ ತಮ್ಮ ವರ್ಷದಲ್ಲಿ ತಮ್ಮದೇ ಹೆಸರಿನ ಕಾರ್ಯಕ್ರಮವೊಂದು ಆಗಬೇಕು, ಹಿಂದಿನವರು ಆರಂಭಿಸಿದ್ದನ್ನು ಮುಂದುವರಿಸುವುದರಲ್ಲಿ ಯಾರಿಗೂ ಉತ್ಸಾಹವಿಲ್ಲ. ನಾನು ಕಾರ್ಯದರ್ಶಿಯಾಗಿದ್ದ ವರ್ಷ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಕುಡಿಯುವ ನೀರಿನ ಫಿಲ್ಟರ್ ಕೊಟ್ಟೆವು. ಗ್ರಾನೈಟ್ ಫಲಕ, ರಿಬ್ಬನ್, ಸುತ್ತಲಿನ ಕ್ಲಬ್ಬುಗಳಿಗೆಲ್ಲ ಮುಖ್ಯಸ್ಥರಾದ ಜಿಲ್ಲಾ ಗವರ್ನರರ ಅಧಿಕೃತ ಭೇಟಿಯ ದಿನವೇ ಉದ್ಘಾಟನೆ, ಎಲ್ಲವೂ ಆಯಿತು. ಮೂರು ವರ್ಷದ ಮೇಲೆ ಮತದಾನಕ್ಕೆಂದು ಅದೇ ಶಾಲೆಗೆ ಹೋದಾಗ ಫಿಲ್ಟರಿನ ನಲ್ಲಿಗೆ ಕಸಬರಿಕೆ ನೇತುಹಾಕಿದ್ದರು. ಒಳಗಿನ ಕ್ಯಾಂಡಲ್ ಕಟ್ಟಿಕೊಂಡು ನೀರು ನಿಂತ ಮೇಲೆ ಅದನ್ನು ಬದಲಿಸಬೇಕಾದವರು ಶಾಲೆಯವರೋ ಕ್ಲಬ್ಬಿನವರೋ ಎಂದು ನಾವು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಫಲಕ ಮಾತ್ರ ಹೊಳೆಯುತ್ತಿತ್ತು, ನನ್ನ ಹೆಸರೂ ಅದರಲ್ಲಿತ್ತು.

ಹಾಗಾಗಿ ಒಂದು ವರ್ಷದಲ್ಲಿ ಏನು ಮಾಡಬಹುದೆಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹಿಂದಿನ ಐದು ವರ್ಷಗಳಲ್ಲಿ ಕೊಟ್ಟ ವಸ್ತುಗಳ ಪಟ್ಟಿ ಹಿಡಿದು ಒಂದೊಂದನ್ನೂ ಹೋಗಿ ನೋಡಿ, ಕೆಟ್ಟದ್ದನ್ನು ರಿಪೇರಿ ಮಾಡಿಸಿದರೆ ಒಂದು ವರ್ಷಕ್ಕೆ ಧಾರಾಳವಾಗಿ ಸಾಕಾಗುವಷ್ಟು ಕೆಲಸವಿದೆ. ಅದಕ್ಕೆ ರಿಬ್ಬನ್ ಕತ್ತರಿಸುವ ಅವಕಾಶವಿಲ್ಲ ಎಂಬುದೊಂದೇ ತೊಡಕು.

ಪ್ರಶ್ನೆ: ನಮ್ಮ ಊರಿನ ಕ್ಲಬ್ಬು ಒಂದೇ ದಿನ ನೂರಕ್ಕೂ ಹೆಚ್ಚು ಯೂನಿಟ್ ರಕ್ತ ಸಂಗ್ರಹಿಸಿತು, ನಾನೂ ಕೊಟ್ಟೆ. ಎರಡೇ ತಿಂಗಳಲ್ಲಿ ನಮ್ಮ ಭಾವನವರ ಆಪರೇಷನ್‌ಗೆ ರಕ್ತ ಬೇಕಾದಾಗ ‘ಸ್ಟಾಕ್ ಇಲ್ಲ, ಕೊಡುವವರನ್ನು ಕರೆದುಕೊಂಡು ಬನ್ನಿ’ ಎಂದರು. ಕೊಟ್ಟ ರಕ್ತ ಎಲ್ಲಿಗೆ ಹೋಯಿತು? — ಓದುಗರು, ಹಾವೇರಿ ಜಿಲ್ಲೆ

ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ಅನುಮಾನ ಪಡುವ ಮೊದಲು ಒಂದು ಲೆಕ್ಕ ನೋಡಿ. ರಕ್ತವನ್ನು ಬಹುದಿನ ಕೂಡಿಡಲಾಗುವುದಿಲ್ಲ. ಕೊಟ್ಟ ರಕ್ತದಿಂದ ಬೇರ್ಪಡಿಸಿದ ಕೆಂಪು ಕಣಗಳು, ಬಳಸುವ ದ್ರಾವಣಕ್ಕನುಗುಣವಾಗಿ, 35ರಿಂದ 42 ದಿನ ಮಾತ್ರ ಬಳಕೆಗೆ ಯೋಗ್ಯ. ಡೆಂಗಿ ಕಾಲದಲ್ಲಿ ಎಲ್ಲರೂ ಹುಡುಕುವ ಪ್ಲೇಟ್ಲೆಟ್‌ಗಳ ಆಯುಸ್ಸು ಐದೇ ದಿನ. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾ ಮಾತ್ರ ಒಂದು ವರ್ಷದವರೆಗೆ ಇರುತ್ತದೆ. ಅಂದರೆ ಎರಡು ತಿಂಗಳ ಹಿಂದೆ ನೀವು ಕೊಟ್ಟ ಕೆಂಪು ಕಣಗಳು ಆ ವೇಳೆಗೆ ಯಾರದೋ ದೇಹ ಸೇರಿರಬೇಕು, ಇಲ್ಲವೇ ಅವಧಿ ಮೀರಿ ವಿಲೇವಾರಿಯಾಗಿರಬೇಕು. ಒಂದೇ ದಿನ ಒಂದೇ ಕೇಂದ್ರಕ್ಕೆ ದೊಡ್ಡ ಪ್ರಮಾಣದಲ್ಲಿ ರಕ್ತ ಬಂದರೆ ಎರಡನೆಯದರ ಅಪಾಯವೇ ಹೆಚ್ಚು.

ಇಲ್ಲಿ ಕ್ಲಬ್ಬುಗಳ ತಪ್ಪು ಇದೆ, ಅದು ಕಳ್ಳತನವಲ್ಲ, ದಿನಾಂಕದ ಆಯ್ಕೆ. ಶಿಬಿರಗಳೆಲ್ಲ ಪದಗ್ರಹಣದ ತಿಂಗಳು, ಸ್ವಾತಂತ್ರ್ಯ ದಿನ, ಅಧ್ಯಕ್ಷರ ಹುಟ್ಟುಹಬ್ಬ, ಸ್ವಯಂಪ್ರೇರಿತ ರಕ್ತದಾನ ದಿನವಾದ ಅಕ್ಟೋಬರ್ 1 ಇಂಥವಕ್ಕೇ ಬಂದು ಕೂರುತ್ತವೆ. ನಿಜವಾದ ಕೊರತೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಕಾಲೇಜುಗಳಿಗೆ ಪರೀಕ್ಷೆ ಮತ್ತು ರಜೆ. ಶಿಬಿರಗಳಲ್ಲಿ ಸಾಲಾಗಿ ನಿಲ್ಲುವ ಎನ್‌ಎಸ್‌ಎಸ್ ಹುಡುಗ ಹುಡುಗಿಯರು ಊರಿಗೆ ಹೋಗಿರುತ್ತಾರೆ. ಬಿಸಿಲಿಗೆ ಹೆದರಿ ಉಳಿದವರೂ ಬರುವುದಿಲ್ಲ. ಅಪಘಾತ, ಹೆರಿಗೆ, ತಲಸ್ಸೀಮಿಯಾ ಇರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ಬೇಕಾಗುವ ರಕ್ತ, ಇವು ಯಾವುವೂ ರಜೆ ತೆಗೆದುಕೊಳ್ಳುವುದಿಲ್ಲ. ನೂರು ಜನರ ಒಂದು ಶಿಬಿರಕ್ಕಿಂತ ಇಪ್ಪತ್ತೈದು ಜನರ ನಾಲ್ಕು ಶಿಬಿರಗಳು, ಅದರಲ್ಲೂ ಒಂದು ಬೇಸಿಗೆಯಲ್ಲಿ, ಎಷ್ಟೋ ಮೇಲು. ಅದಕ್ಕೂ ಮೇಲಾದದ್ದು ಗುಂಪುವಾರು ದಾನಿಗಳ ಪಟ್ಟಿ ಇಟ್ಟುಕೊಂಡು, ಕರೆ ಬಂದಾಗ ಮಾತ್ರ ಕಳಿಸಿಕೊಡುವ ವ್ಯವಸ್ಥೆ. ನಮ್ಮ ಕ್ಲಬ್ಬಿನ ಔಷಧ ಅಂಗಡಿಯ ಸದಸ್ಯರೊಬ್ಬರು ಇಂಥ ಪಟ್ಟಿಯನ್ನು ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಇಟ್ಟಿದ್ದರು. ಯಾರು ಯಾವತ್ತು ಕೊಟ್ಟರೆಂದು ಪೆನ್ಸಿಲಿನಲ್ಲಿ ಬರೆದು, ಮತ್ತೆ ಕೊಡಬಹುದಾದ ದಿನ ಬಂದೊಡನೆ ಅಳಿಸುತ್ತಿದ್ದರು. ಪತ್ರಿಕೆಯಲ್ಲಿ ಆ ಪುಸ್ತಕದ ಚಿತ್ರ ಎಂದೂ ಬರಲಿಲ್ಲ.

ನೀವು ಮತ್ತೆ ಕೊಡುವವರಾದರೆ ತಿಳಿದಿರಲಿ: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ರಕ್ತ ಮಾರುವುದು ನಮ್ಮ ದೇಶದಲ್ಲಿ ನಿಷಿದ್ಧ. ಕೇಂದ್ರದವರು ಪಡೆಯುವುದು ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ.

ಪ್ರಶ್ನೆ: ಈ ವರ್ಷ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದೇನೆ. ಎರಡು ಪುಟದ ವರದಿ ಕಳಿಸಿದರೂ ಪತ್ರಿಕೆಯಲ್ಲಿ ಮೂರು ಸಾಲು ಬರುತ್ತದೆ, ಅದರಲ್ಲೂ ಖಜಾಂಚಿಯವರ ಹೆಸರು ಬಿಟ್ಟುಹೋಗಿ ನನಗೆ ಮಾತು ಕೇಳುವಂತಾಗುತ್ತದೆ. ಹೇಗೆ ಬರೆಯಲಿ? — ಓದುಗರು, ಪುತ್ತೂರು

ಖಜಾಂಚಿಯವರ ಮಾತನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ. ನಿಮ್ಮ ವರದಿಯ ಮಾದರಿಯನ್ನು ನೋಡಿದೆ. ಮೊದಲ ಪುಟವಿಡೀ ವೇದಿಕೆಯಲ್ಲಿ ಉಪಸ್ಥಿತರಿದ್ದವರು: ಜಿಲ್ಲಾ ಗವರ್ನರ್, ಸಹಾಯಕ ಗವರ್ನರ್, ವಲಯ ಸೇನಾನಿ, ನಿಕಟಪೂರ್ವ ಅಧ್ಯಕ್ಷರು. ಎರಡನೆಯ ಪುಟದಲ್ಲಿ ಪ್ರಾರ್ಥಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ನಡುವೆ ಒಂದೇ ಒಂದು ವಾಕ್ಯದಲ್ಲಿ ‘ಅರ್ಹ ಫಲಾನುಭವಿಗಳಿಗೆ ಸವಲತ್ತು ವಿತರಿಸಲಾಯಿತು’ ಎಂದಿದೆ. ಸುದ್ದಿ ಇರುವುದು ಆ ವಾಕ್ಯದಲ್ಲಿ, ಮತ್ತು ಅದರಲ್ಲಿ ಏನೂ ಹೇಳಿಲ್ಲ.

ಅದೇ ಸಂಗತಿಯನ್ನು, ಉದಾಹರಣೆಗೆ, ಹೀಗೆ ಬರೆಯಬಹುದಿತ್ತು: ‘ಶಾಲೆಗೆ ನಾಲ್ಕು ಕಿಲೊಮೀಟರ್ ನಡೆದು ಬರುವ ಏಳು ವಿದ್ಯಾರ್ಥಿನಿಯರಿಗೆ ಸೈಕಲ್ ನೀಡಲಾಗಿದ್ದು, ಒಂದು ವರ್ಷದ ರಿಪೇರಿಯ ಹೊಣೆಯನ್ನು ಕ್ಲಬ್ಬಿನ ಸದಸ್ಯರ ಸೈಕಲ್ ಅಂಗಡಿ ವಹಿಸಿಕೊಂಡಿದೆ.’ ಎಷ್ಟು, ಯಾರಿಗೆ, ಏಕೆ, ಮುಂದೆ ನೋಡಿಕೊಳ್ಳುವವರು ಯಾರು ಎಂಬ ನಾಲ್ಕೂ ಇದರಲ್ಲಿವೆ. ಡೆಸ್ಕಿನಲ್ಲಿ ಕುಳಿತವರು ಇದನ್ನು ಕತ್ತರಿಸಬೇಕೆಂದರೂ ಕತ್ತರಿಸಲಾರರು. ಗಣ್ಯರ ಪಟ್ಟಿ ಕ್ಲಬ್ಬಿನ ಗೃಹಪತ್ರಿಕೆಗೆ ಇರಲಿ, ಅಲ್ಲಿ ಖಜಾಂಚಿಯವರ ಹೆಸರನ್ನು ದಪ್ಪ ಅಕ್ಷರದಲ್ಲೇ ಹಾಕಿ. ಹೆಸರಿನ ಹಿಂದಿನ ‘ರೊ.’ ಮತ್ತು ‘ಲಯನ್’ಗಳೂ ಅಲ್ಲಿಗೇ ಒಪ್ಪುತ್ತವೆ.

ಇನ್ನೊಂದು ವಿನಂತಿ. ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬರ ಹಿಂದೆ ಕೋಟು ಧರಿಸಿದ ಹದಿನಾಲ್ಕು ಮಂದಿ ನಿಂತ ಚಿತ್ರವನ್ನು ಕಳಿಸಬೇಡಿ. ಆ ಕುರ್ಚಿಯಲ್ಲಿರುವವರಿಗೂ ನೆರೆಹೊರೆ, ನೆಂಟರಿಷ್ಟರು ಇದ್ದಾರೆ, ಅವರೂ ಪತ್ರಿಕೆ ಓದುತ್ತಾರೆ.

ಪ್ರಶ್ನೆ: ನನ್ನ ಯಜಮಾನರು ರೋಟರಿ ಸದಸ್ಯರು. ಸಭೆಯಲ್ಲಿ ನನ್ನನ್ನು ‘ಆನ್’ ಎಂದೂ ಮಕ್ಕಳನ್ನು ‘ಆನೆಟ್’ ಎಂದೂ ಕರೆಯುತ್ತಾರೆ. ನನ್ನ ಹೆಸರು ಅದಲ್ಲ. ಏನಿದು? ನಾನೇ ಸದಸ್ಯೆಯಾಗಲು ಬರುವುದಿಲ್ಲವೇ? — ಹೆಸರು ಬೇಡ, ಶಿರಸಿ

ಖಂಡಿತ ಬರುತ್ತದೆ. ‘ಆನ್’ ಎಂಬುದು ನಿಜವಾದ ಒಬ್ಬ ಹೆಂಗಸಿನ ಹೆಸರು: 1914ರಲ್ಲಿ ಹ್ಯೂಸ್ಟನ್‌ನ ರೋಟರಿ ಸಮಾವೇಶಕ್ಕೆ ಪತಿಯೊಂದಿಗೆ ರೈಲಿನಲ್ಲಿ ಹೊರಟಿದ್ದ ಆನ್ ಬ್ರೂನಿಯರ್ ಅವರನ್ನು ಸಹಪ್ರಯಾಣಿಕರು ತಮಾಷೆಗೆ ‘ರೋಟರಿ ಆನ್’ ಎಂದು ಕರೆದರು, ಅದು ಎಲ್ಲ ಸದಸ್ಯರ ಪತ್ನಿಯರಿಗೂ ಅಂಟಿಕೊಂಡಿತು. ಆ ಕಾಲದಲ್ಲಿ ಹೆಂಗಸರಿಗೆ ಸದಸ್ಯತ್ವವೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ದುವಾರ್ಟೆ ಎಂಬ ಸಣ್ಣ ಊರಿನ ಕ್ಲಬ್ಬು 1970ರ ದಶಕದಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಅದರ ಮಾನ್ಯತೆಯನ್ನೇ ರದ್ದುಪಡಿಸಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು, 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ಲಬ್ಬಿನ ಪರವಾಗಿ ತೀರ್ಪು ಕೊಟ್ಟಿತು. 1989ರಲ್ಲಿ ರೋಟರಿಯ ನಿಯಮವೇ ಎಲ್ಲ ದೇಶಗಳಿಗೂ ಬದಲಾಯಿತು. ಲಯನ್ಸ್ ಸಂಸ್ಥೆ 1987ರಲ್ಲೇ ಬಾಗಿಲು ತೆರೆದಿತ್ತು. 2022–23ರಲ್ಲಿ ಜೆನಿಫರ್ ಜೋನ್ಸ್ ರೋಟರಿಯ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆಯಾದರು.

ಮಹಿಳೆಯರದೇ ಸಂಘಟನೆ ಬೇಕೆಂದರೆ 1924ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರಂಭವಾದ ಇನ್ನರ್ ವೀಲ್ ಇದೆ. ನಮ್ಮ ಊರುಗಳಲ್ಲಿ ಎಷ್ಟೋ ಕಡೆ ರೋಟರಿಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡುವುದು ಅದೇ. ಎರಡರಲ್ಲಿ ಯಾವುದು ಎಂಬುದು ನಿಮ್ಮ ಇಷ್ಟ. ಮುಂದಿನ ಸಭೆಯಲ್ಲಿ ‘ಆನ್’ ಎಂದು ಕರೆದವರಿಗೆ ನಿಮ್ಮ ಹೆಸರನ್ನು ಒಮ್ಮೆ ಸ್ಪಷ್ಟವಾಗಿ ಹೇಳಿಬಿಡಿ.

ಪ್ರಶ್ನೆ: ಕ್ಲಬ್ಬಿನವರ ಉಚಿತ ಶಿಬಿರದಲ್ಲಿ ಅಮ್ಮನಿಗೆ ಪೊರೆ ಇದೆಯೆಂದು ಬಸ್ಸಿನಲ್ಲಿ ಕರೆದೊಯ್ದು ಆಪರೇಷನ್ ಮಾಡಿಸಿ ತಂದುಬಿಟ್ಟರು. ಆಮೇಲೆ ಯಾರೂ ವಿಚಾರಿಸಲಿಲ್ಲ. ಉಚಿತವಾದ ಮೇಲೆ ಕೇಳುವುದು ತಪ್ಪೇ? — ಓದುಗರು, ಗದಗ ಜಿಲ್ಲೆ

ತಪ್ಪಲ್ಲ. ಕಣ್ಣಿನ ಶಿಬಿರ ನಿಮ್ಮ ಸೀಮೆಗೆ ಹೊಸದೂ ಅಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಸಾವಿರಗಟ್ಟಲೆ ಜನರ ಪೊರೆ ತೆಗೆದದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆಗ ಪೊರೆ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಈಗ ಕಣ್ಣೊಳಗೇ ಕೃತಕ ಮಸೂರ ಕೂರಿಸುತ್ತಾರೆ, ಸೋಂಕಿನ ಭಯದಿಂದ ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯ ಥಿಯೇಟರಿನಲ್ಲೇ ಮಾಡುತ್ತಾರೆ, ಊರಿನಲ್ಲಿ ನಡೆಯುವುದು ತಪಾಸಣೆ ಮಾತ್ರ. ಬಸ್ಸು ಬಂದದ್ದು ಅದಕ್ಕೇ.

ಆದರೆ ಬಸ್ಸು ಒಂದೇ ಸಲ ಬಂದರೆ ಸಾಲದು. ಆಪರೇಷನ್ನಿನ ಮರುದಿನ, ಸುಮಾರು ಒಂದು ವಾರದ ಮೇಲೆ, ಮತ್ತೆ ತಿಂಗಳೊಂದರ ಬಳಿಕ ಕಣ್ಣು ತೋರಿಸಬೇಕು. ಹನಿ ಔಷಧವನ್ನು ಹೇಳಿದಷ್ಟು ದಿನ ಬಿಡದೆ ಹಾಕಬೇಕು. ತಾಯಿಯವರಿಗೆ ಕಣ್ಣು ಕೆಂಪಾಗಿ ನೋವು ಬಂದರೆ, ಕಾಣುತ್ತಿದ್ದದ್ದು ಮಂಜಾದರೆ, ಕ್ಲಬ್ಬಿನವರ ಫೋನಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಡುಗಡೆಯ ಚೀಟಿಯಲ್ಲಿ ಮುಂದಿನ ತಪಾಸಣೆಯ ದಿನ ಬರೆದಿರುತ್ತದೆ, ಅದನ್ನು ಹುಡುಕಿ ನೋಡಿ. ಕ್ಲಬ್ಬಿನ ಕಾರ್ಯದರ್ಶಿಗೆ ಆ ಚೀಟಿ ತೋರಿಸಿ, ತಪಾಸಣೆಯ ದಿನಕ್ಕೂ ವಾಹನ ಗೊತ್ತುಮಾಡಿ ಎಂದು ಕೇಳಿ. ಹತ್ತು ಜನ ಕೇಳಿದರೆ ಮುಂದಿನ ಶಿಬಿರದ ಬಜೆಟ್ಟಿನಲ್ಲಿ ಎರಡನೆಯ ಬಸ್ಸಿನ ಬಾಡಿಗೆಯೂ ಸೇರುತ್ತದೆ.

ಪ್ರಶ್ನೆ: ಪೋಲಿಯೊ ಹೋಗಿದೆಯಲ್ಲ, ರೋಟರಿಯವರು ಇನ್ನೂ ಬೂತಿನಲ್ಲಿ ಕೂರುವುದೇಕೆ? — ಓದುಗರು, ಕೋಲಾರ

ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ನಾವು ಪೋಲಿಯೊಮುಕ್ತರೆಂಬ ಪ್ರಮಾಣಪತ್ರ ಸಿಕ್ಕಿತು. ಆದರೆ ಪಾಕಿಸ್ತಾನ, ಅಫ್ಗಾನಿಸ್ತಾನಗಳಲ್ಲಿ ವೈರಸ್ ಇನ್ನೂ ಉಳಿದಿದೆ. ಅಲ್ಲಿಂದ ಇಲ್ಲಿಗೆ ಬರಲು ಅದಕ್ಕೆ ವೀಸಾ ಬೇಕಿಲ್ಲ. ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬನ್ನಿ.

ಪ್ರಶ್ನೆ: ಕ್ಲಬ್ಬಿಗೆ ಐದು ಸಾವಿರ ನಗದು ಕೊಟ್ಟೆ. ತೆರಿಗೆ ವಿನಾಯಿತಿ ಸಿಗುತ್ತದೆಯೇ? — ಓದುಗರು, ತುಮಕೂರು

ಸಿಗುವುದಿಲ್ಲ. ಎಲ್ಲರ ಬಾಯಲ್ಲಿ 80ಜಿ ಎಂದೇ ಇರುವ ಆ ವಿನಾಯಿತಿಗೆ 2,000 ರೂಪಾಯಿ ಮೀರಿದ ನಗದು ದಾನ ಲೆಕ್ಕಕ್ಕೆ ಬರುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಚೆಕ್ಕಿನಲ್ಲಿ ಕೊಟ್ಟರೂ ಇಲ್ಲ. ಅನೇಕ ಕಡೆ ನೋಂದಣಿ ಇರುವುದು ಕ್ಲಬ್ಬಿಗಲ್ಲ, ಕ್ಲಬ್ಬಿನವರು ಬೇರೆಯಾಗಿ ಕಟ್ಟಿಕೊಂಡ ಟ್ರಸ್ಟಿಗೆ. ಮುಂದಿನ ಸಲ ಚೆಕ್ ಬರೆಯುವ ಮೊದಲು ಅದು ಯಾವ ಹೆಸರಿಗೆ ಎಂದು ಕೇಳಿಕೊಳ್ಳಿ. ಕೊಟ್ಟ ಐದು ಸಾವಿರಕ್ಕೆ ರಸೀದಿಯಂತೂ ಬೇಕೇ ಬೇಕು, ತೆರಿಗೆಗಾಗಿ ಅಲ್ಲದಿದ್ದರೂ ಅವರ ಲೆಕ್ಕದ ಪುಸ್ತಕಕ್ಕಾಗಿ.