ಬೆಡ್‌ಸ್ಪೇಸಿನಲ್ಲಿ ಪ್ರಾರ್ಥನೆ: ಉಡುಪಿಯಿಂದ ಬಂದ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದು ನಾಲ್ಕು ವಿಷಯ. ದುಬೈಯಲ್ಲಿ ನಮ್ಮ ಸಿಎಸ್‌ಐಯವರಿಗೆ (ದಕ್ಷಿಣ ಭಾರತ ಸಭೆ) ಹೋಗಲಿಕ್ಕೆ ಚರ್ಚು ಎಲ್ಲುಂಟು, ಒಂದು ಹಾಸಿಗೆಯಷ್ಟೇ ಬಾಡಿಗೆಗೆ ಸಿಗುವ ಬೆಡ್‌ಸ್ಪೇಸಿನಲ್ಲಿ, ಎಂಟು ಜನರ ರೂಮಿನಲ್ಲಿ ಪ್ರಾರ್ಥನೆಗೆ ಜಾಗ ಎಲ್ಲಿ, ಸಂಬಳ ನಿಂತು ಎರಡು ತಿಂಗಳಾಗಿ ಈಗ ಮೊಣಕಾಲೂರಿದರೂ ಮಾತೇ ಹೊರಡುವುದಿಲ್ಲ ಎಂತ ಮಾಡುವುದು, ಮನೆಗೆ ಹೇಳುವುದಾ ಬೇಡವಾ. ಮೊದಲ ಎರಡಕ್ಕೆ ಉತ್ತರ ಚಿಕ್ಕದು.

ಚರ್ಚು ಊದ್ ಮೇಥಾದಲ್ಲಿ ಉಂಟು, ಹೋಲಿ ಟ್ರಿನಿಟಿ ಎಂದು ಹೆಸರು. ಆಂಗ್ಲಿಕನ್ ಚರ್ಚು, ಇಂಗ್ಲೆಂಡ್ ಮೂಲದ ಪಂಗಡದ್ದು. ಅದೇ ಕಾಂಪೌಂಡಿನಲ್ಲಿ ಬೇರೆ ಬೇರೆ ಭಾಷೆಯ ಎಷ್ಟೋ ಸಭೆಗಳು ಸರದಿಯಂತೆ ಕೂಡುತ್ತವೆ. ಗ್ರೀನ್ ಲೈನ್ ಮೆಟ್ರೋ ಹತ್ತಿ ಊದ್ ಮೇಥಾದಲ್ಲಿ ಇಳಿ. ಕಥೋಲಿಕರ ಸೇಂಟ್ ಮೇರೀಸ್ ಕೂಡ ಆಸುಪಾಸಿನಲ್ಲೇ. ಕೆಲಸ ಜಬಲ್ ಅಲಿ ಕಡೆಯಾದರೆ ಅಲ್ಲಿಯೂ ಚರ್ಚುಗಳುಂಟು. ನಾವು ಬಂದ ಕಾಲಕ್ಕೆ ಶುಕ್ರವಾರವೇ ನಮ್ಮ ಭಾನುವಾರ. 2022ರ ಜನವರಿಯಿಂದ ಸರಕಾರಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಹೋಯಿತು. ಶುಕ್ರವಾರ ಕೂಡುವ ಸಭೆಗಳು ಈಗಲೂ ಉಂಟು, ನಿನ್ನ ರಜೆ ನೋಡಿಕೊಂಡು ಹೋಗು.

ರೂಮಿನಲ್ಲಿ ಜಾಗ ಹುಡುಕಬೇಡ, ಹೊತ್ತು ಹುಡುಕು. ಕಂಪನಿ ಬಸ್ಸಿಗೆ ಅರ್ಧ ಗಂಟೆ ಮೊದಲು ಎದ್ದು ಬಿಲ್ಡಿಂಗಿನ ಮೆಟ್ಟಿಲಲ್ಲೋ ಟೆರೇಸಿನಲ್ಲೋ ಹದಿನೈದು ನಿಮಿಷ ಕೂತರೆ ಸಾಕು. ರಾತ್ರಿಗೆ ಇಟ್ಟುಕೊಂಡರೆ ನಡೆಯುವುದಿಲ್ಲ. ದಣಿದ ಮೈ ನಿದ್ದೆಗೆ ಜಾರುತ್ತದೆ, ಇಲ್ಲವೇ ಫೋರ್‌ಮನ್ ಹೇಳಿದ ಮಾತೇ ತಲೆಯಲ್ಲಿ ತಿರುಗುತ್ತದೆ. ಮೊಬೈಲಿನ ಬೈಬಲ್ ಒಳ್ಳೆಯದೇ, ಆದರೆ ಕೀರ್ತನೆಯ (ಬೈಬಲಿನ 150 ಪ್ರಾರ್ಥನಾ ಗೀತೆಗಳಲ್ಲೊಂದು) ನಡುವೆ ಬ್ಯಾಂಕಿನ ಮೆಸೇಜ್ ಬಂದರೆ ಆ ದಿನದ ಪ್ರಾರ್ಥನೆ ಅಲ್ಲಿಗೇ ನಿಂತುಹೋಗುತ್ತದೆ. ಊರಿಂದ ಬರುವವರ ಕೈಯಲ್ಲಿ ಚಿಕ್ಕ ಕನ್ನಡ ಬೈಬಲ್ ತರಿಸು.

ಇನ್ನು ಮಾತು ಬಾರದ ವಿಷಯ. ಕಷ್ಟ ಬಂದವನು ಸಾಮಾನ್ಯವಾಗಿ ಭಾನುವಾರದ ಪ್ರಾರ್ಥನೆಯನ್ನೇ ಒಬ್ಬನೇ ಕೂತು ಹೇಳಲಿಕ್ಕೆ ನೋಡುತ್ತಾನೆ. ಮೊದಲು ಸ್ತುತಿ, ಆಮೇಲೆ ಸ್ತೋತ್ರ, ಕೊನೆಗೆ "ನನ್ನ ಕಷ್ಟಗಳನ್ನು ನೀಗಿಸು". ಒಳಗೆ ಹೊಟ್ಟೆ ಉರಿಯುವಾಗ ಬಾಯಿ ಸ್ತುತಿ ಹೇಳಿದರೆ ಎರಡು ವಾಕ್ಯಕ್ಕೆ ಗಂಟಲು ಕಟ್ಟುತ್ತದೆ. ನಂಬಿಕೆ ಹೋಯಿತು ಎಂದು ಹೆದರಬೇಡ, ನೀನು ಆರಿಸಿಕೊಂಡ ಪ್ರಾರ್ಥನೆ ಈ ಹೊತ್ತಿನದ್ದಲ್ಲ, ಅಷ್ಟೇ. ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲು ಗೋಳೇ ಇರುವುದು. 13ನೆಯದನ್ನು ತೆಗೆ, ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಎಂದು ನಾಲ್ಕು ಸಲ ದೂರು. ನಂತರದ ಎರಡರಲ್ಲಿ ಬೇಡಿಕೆ. ಭರವಸೆ ಬರುವುದು ಕೊನೆಗೆ.

ಅದೇ ಕ್ರಮದಲ್ಲಿ ನಿನ್ನದನ್ನು ಹೇಳು. "ಕರ್ತನೇ, ಎರಡು ತಿಂಗಳಿಂದ ಸಂಬಳವಿಲ್ಲ. ಹತ್ತನೇ ತಾರೀಕಿಗೆ ಸೊಸೈಟಿ ಸಾಲದ ಕಂತು ಕಟ್ಟಬೇಕು. ಮ್ಯಾನೇಜರ್ ಮುಖ ಕೊಟ್ಟು ಮಾತಾಡುವುದಿಲ್ಲ. ನನಗೆ ಅವನ ಮೇಲೆ ಸಿಟ್ಟುಂಟು, ನಿನ್ನ ಮೇಲೂ ಉಂಟು. ಇವತ್ತು ಆಫೀಸಿಗೆ ಹೋಗಿ ಕೇಳುವ ಧೈರ್ಯ ಕೊಡು." ಮೊತ್ತ, ತಾರೀಕು, ಮನುಷ್ಯನ ಹೆಸರು ಎಲ್ಲ ಬರಲಿ. ಬೇಡಿಕೆ ಆ ಒಂದು ದಿನದ್ದಾಗಿರಲಿ. ವರ್ಷದ ಚಿಂತೆಯನ್ನೆಲ್ಲ ಒಟ್ಟಿಗೆ ಎತ್ತಿದರೆ ಪ್ರಾರ್ಥನೆ ಹೋಗಿ ಲೆಕ್ಕಾಚಾರ ಶುರುವಾಗುತ್ತದೆ. ಭರವಸೆಯ ಮಾತು ಬಾರದಿದ್ದರೆ ಬಿಡು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಬೈಬಲಿನಲ್ಲೇ ಇರುವುದು. ಅದೂ ಆಗದ ದಿನ ಯೇಸು ಕಲಿಸಿದ, ಪರಲೋಕದ ತಂದೆಯನ್ನು ಕರೆಯುವ ಆ ಪ್ರಾರ್ಥನೆಯನ್ನು ನಿಧಾನಕ್ಕೆ ಒಮ್ಮೆ ಹೇಳಿ ಎದ್ದು ಹೋಗು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ತಾನು ಮೊದಲು ಹೇಳಿದ ಮಾತನ್ನೇ ತಿರುಗಿ ಹೇಳಿ ಪ್ರಾರ್ಥಿಸಿದ್ದು (ಮತ್ತಾಯ 26:44). ಮಾತು ತಿಳಿಯದಾಗ ಪವಿತ್ರಾತ್ಮನೇ ನಮಗೋಸ್ಕರ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8:26ರಲ್ಲಿ ಉಂಟು.

ಬೈಬಲ್ ಬಿಡಿಸಿ ಬೆರಳು ಬಿದ್ದಲ್ಲಿ ಉತ್ತರ ಹುಡುಕುವ ಅಭ್ಯಾಸ ಬೇಡ. ಕಷ್ಟದಲ್ಲಿದ್ದವನಿಗೆ ಎಲ್ಲ ವಚನವೂ ಒಂದೋ ಶಾಪ, ಒಂದೋ ಲಾಟರಿ ಥರ ಕಾಣುತ್ತದೆ. ಕ್ರಮವಾಗಿ ಓದು, ದಿನಕ್ಕೆ ಐದು ಕೀರ್ತನೆ. ತಾರೀಕಿನ ಸಂಖ್ಯೆಗೆ ಮೂವತ್ತು ಮೂವತ್ತು ಸೇರಿಸುತ್ತಾ ಹೋಗು: 13ನೇ ತಾರೀಕಿಗೆ 13, 43, 73, 103, 133. 29ಕ್ಕೆ ಬರುವ 119ರಲ್ಲಿ 176 ವಚನ, ಅದನ್ನು 31ಕ್ಕೆ ಇಟ್ಟುಕೋ. ಐದು ಹೆಚ್ಚಾದರೆ ಒಂದೇ ಓದು, ಆದರೆ ಬಾಯಿಬಿಟ್ಟು ಓದು. ಫೋನಿನಲ್ಲಿ ಪ್ರವಾದನೆ ಹೇಳಿ ಕಾಣಿಕೆ ಕಳಿಸು ಎನ್ನುವವರಿಗೆ ಒಂದು ದಿರ್ಹಮೂ ಕೊಡಬೇಡ.

ಈಗ ನಾಲ್ಕನೆಯದು. ನಾನು ಬರೆಯಲಿಕ್ಕೆ ಕೂತದ್ದೇ ಇದಕ್ಕೆ. ನಮ್ಮ ಊರಿನ ಸಭೆಯಲ್ಲಿ ಕಷ್ಟವನ್ನು ಹೇಳಿಕೊಳ್ಳಬೇಕಾಗಿಲ್ಲ. ಎರಡು ಭಾನುವಾರ ಕಾಣದಿದ್ದರೆ ಪಾಸ್ಟರು ಮನೆಗೆ ಬರುತ್ತಾರೆ, ಹೆಂಗಸರು ಪ್ರಾರ್ಥನೆಗೆ ಬಂದು ಕೂರುತ್ತಾರೆ. 1834ರಲ್ಲಿ ಮಂಗಳೂರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಬಂದಲ್ಲಿಂದ ತಲೆಮಾರುಗಳಲ್ಲಿ ಕಟ್ಟಿದ ಬಳಕೆ ಅದು, ನನಗೆ ಅದರ ಮೇಲೆ ಹೆಮ್ಮೆಯೂ ಉಂಟು, ಇಲ್ಲಿ ಅದಿಲ್ಲವಲ್ಲ ಎಂಬ ಸಂಕಟವೂ ಉಂಟು. ಇಲ್ಲಿ ನೀನು ಬಾರದಿದ್ದರೆ ಡ್ಯೂಟಿ ಇರಬೇಕು ಎಂದುಕೊಳ್ಳುತ್ತಾರೆ. ಸಂಬಳ ನಿಂತವರು ಮೊದಲು ಬಿಡುವುದೇ ಚರ್ಚು. ಕಾಣಿಕೆಗೆ ಹಣವಿಲ್ಲ, ಯಾರಾದರೂ ಕೇಳಿದರೆ ಎಂತ ಹೇಳುವುದು ಎಂಬ ನಾಚಿಕೆ. ಆಮೇಲೆ ಮನೆಗೆ ಫೋನಿನಲ್ಲಿ "ಎಲ್ಲ ಚೆನ್ನಾಗುಂಟು" ಎನ್ನುವುದು. ಅಮ್ಮ ಅಲ್ಲಿ ನಿನ್ನ ಬಡ್ತಿಗೆ ಪ್ರಾರ್ಥನೆ ಮಾಡುತ್ತಾ ಇರುತ್ತಾರೆ, ನೀನಿಲ್ಲಿ ಊಟಕ್ಕೆ ಸಾಲ ಮಾಡುತ್ತಾ ಇರುತ್ತೀ. ಹೀಗೆ ಒಂಟಿಯಾಗಿ ಒಣಗಿದ ಹುಡುಗರನ್ನು ಕಂಡು ಕಂಡು ಹೇಳುತ್ತಿದ್ದೇನೆ. ಪಾಪಗಳನ್ನು ಒಬ್ಬರಿಗೊಬ್ಬರು ಬಿಚ್ಚಿ ಹೇಳಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಎಂದು ಯಾಕೋಬ 5:16 ಹೇಳುತ್ತದೆ, ಕಷ್ಟಕ್ಕೂ ಅದೇ ದಾರಿ. ಇದೇ ವಾರ ಆರಾಧನೆ ಮುಗಿದ ಮೇಲೆ ಪಾಸ್ಟರ ಹತ್ತಿರ ನಿಂತು "ಎರಡು ತಿಂಗಳ ಸಂಬಳ ಬಂದಿಲ್ಲ, ನನಗಾಗಿ ಪ್ರಾರ್ಥನೆ ಮಾಡಿ" ಎಂದು ಇಷ್ಟೇ ಹೇಳು.

ಅಮ್ಮನಿಗೂ ಹೇಳು. ಗಾಬರಿಯಾಗುತ್ತಾರೆ ಎಂದಾದರೆ ಮೊದಲು ಅಣ್ಣನಿಗೋ ಮಾವನಿಗೋ ಹೇಳಿ, ಅವರು ಮನೆಯಲ್ಲಿರುವಾಗ ಅಮ್ಮನ ಹತ್ತಿರ ಮಾತಾಡು. ವಾಟ್ಸಾಪ್ ಕಾಲ್ ಇಲ್ಲಿ ನಡೆಯುವುದಿಲ್ಲ, ಬೋಟಿಮ್ ಎಂಬ ಕಾಲಿಂಗ್ ಆ್ಯಪ್ ಹಾಕಿಸು. ಊರು ಒಂದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎಂಟರ ಮನೆ ಪ್ರಾರ್ಥನೆ ಇಲ್ಲಿ ಆರೂವರೆಗೆ ಬೀಳುತ್ತದೆ. ಬಸ್ಸಿನಲ್ಲಿದ್ದರೂ ಕಿವಿಗೆ ಹಾಕಿಕೊಂಡು ಸೇರಬಹುದು.

ಬೈಬಲಿನ ಪ್ರವಾದಿ ಎಲೀಯನು ಸಾವು ಬೇಡಿಕೊಂಡಾಗ ದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ (1 ಅರಸು 19). ಊಟ ಬಿಟ್ಟು ಉಪವಾಸ ಎನ್ನಬೇಡ. ಬದುಕು ಸಾಕು ಅನ್ನಿಸಿದ ರಾತ್ರಿ ಒಬ್ಬನೇ ಪ್ರಾರ್ಥಿಸುತ್ತಾ ಕೂರಬೇಡ, ಪಕ್ಕದ ಬೆಡ್ಡಿನವನನ್ನು ಎಬ್ಬಿಸು, ಆಂಬುಲೆನ್ಸಿಗೆ 998.

ಎರಡು ಎಚ್ಚರಿಕೆ. ಚರ್ಚಿನ ಹೊರಗೆ, ರೂಮಿನಲ್ಲಿ ಜನ ಕೂಡಿಸಿ ಸಭೆ ನಡೆಸಬೇಡ. ಕಷ್ಟದಲ್ಲಿರುವವರಿಗೆ ಎಂದು ಗ್ರೂಪಿನಲ್ಲಿ ಹಣ ಎತ್ತಲೂ ಬೇಡ, ಪರವಾನಗಿಯಿಲ್ಲದೆ ಹಣ ಎತ್ತುವುದು ಇಲ್ಲಿ ಅಪರಾಧ. ಪ್ರಾರ್ಥನೆಯ ಜೊತೆಗೆ ದೂರನ್ನೂ ಕೊಡು: ಸಂಬಳದ್ದು ಮಾನವ ಸಂಪನ್ಮೂಲ ಸಚಿವಾಲಯಕ್ಕೆ, ಭಾರತೀಯರ ಸಹಾಯವಾಣಿ 800 46342. ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿದ್ದರೆ ಅದನ್ನೂ ಹೇಳು, ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಲೇಬರ್ ಕಾಂಟ್ರಾಕ್ಟಿನ ಪ್ರತಿ ನಿನ್ನ ಹತ್ತಿರ ಉಂಟಾ ಇಲ್ಲವಾ ಬರೆ.