ಓದುಗರ ಪ್ರಶ್ನೆ: ಒಮ್ಮೆ ಬಂದ ಗರ್ಭಿಣಿ ಮತ್ತೆ ಏಕೆ ಬರುವುದಿಲ್ಲ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರ ಸಮೀಪದಲ್ಲೇ ಇದೆ, ತಪಾಸಣೆಗೆ ಹಣ ಕೊಡಬೇಕಾಗಿಲ್ಲ. ಆದರೂ ಕೆಲವರು ಐದು ತಿಂಗಳು ತುಂಬಿದ ಮೇಲೆ ಬರುತ್ತಾರೆ, ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಮನೆಯವರಿಗೆ ತಿಳಿವಳಿಕೆಯಿಲ್ಲ ಎನ್ನುತ್ತಾರೆ. ಕಾರಣ ಅದೊಂದೇ ಇರಬಹುದೇ?

ಉತ್ತರ: ಅದೊಂದೇ ಎಂದು ನಾನು ಒಪ್ಪುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2005-06ರ ವೇಳೆಗೆ ನೂರರಲ್ಲಿ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 97ಕ್ಕೆ ಏರಿದೆ. ಹೆರಿಗೆಯ ನೋವು ಕಾಣಿಸಿಕೊಂಡಾಗ ಆಸ್ಪತ್ರೆಯನ್ನು ನಂಬುವ ಮನೆಯೇ ಮೂರನೆಯ ತಿಂಗಳಿನಲ್ಲಿ ಹಿಂದೇಟು ಹಾಕುತ್ತಿದ್ದರೆ, ನಾವು ಬೇರೆ ಕಾರಣಗಳನ್ನು ಹುಡುಕಬೇಕು.

ಮೊದಲನೆಯದು ಕೂಲಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧಿ, ರಕ್ತ, ಊಟ ಎಲ್ಲವೂ ಉಚಿತವೆಂಬುದು ನಿಜ. ಆದರೆ ಹತ್ತಿ ಬಿಡಿಸುವ ದಿನಗಳಲ್ಲಿ ತಪಾಸಣೆಗೆ ಬಂದವಳಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳಬಾರದು, ದೃಷ್ಟಿಯಾದೀತು ಎಂಬ ನಂಬಿಕೆಯೂ ಹಲವು ಮನೆಗಳಲ್ಲಿದೆ. ಸೂಲಗಿತ್ತಿಯ ಕೈಯಲ್ಲಿ ನಾಲ್ಕು ಮಕ್ಕಳನ್ನು ಹೆತ್ತ ಅತ್ತೆಗೆ ತಿಂಗಳು ತಿಂಗಳು ರಕ್ತದೊತ್ತಡ ನೋಡಿಸುವ ಅಗತ್ಯ ಕಾಣದಿರುವುದು ಸಹಜ. ಆದ್ದರಿಂದ ಸೊಸೆಗೆ ಹೇಳುವ ಮೊದಲು ಅತ್ತೆಯೊಡನೆ ಕುಳಿತು ಮಾತನಾಡಿ.

ಆದರೆ ಒಮ್ಮೆ ಬಂದವಳು ಮತ್ತೆ ಬಾರದಿರುವುದಕ್ಕೆ ಬಹುಮಟ್ಟಿಗೆ ನಾವೇ ಕಾರಣ, ಇದನ್ನು ವೈದ್ಯೆಯಾಗಿ ನೋವಿನಿಂದಲೇ ಬರೆಯುತ್ತಿದ್ದೇನೆ. ಮೂರು ತಾಸು ಸಾಲಿನಲ್ಲಿ ನಿಂತವಳಿಗೆ "ಇಷ್ಟು ತಡವಾಗಿ ಬಂದೆಯಾ" ಎಂದು ಎಲ್ಲರೆದುರು ಗದರಿದರೆ, ಮರೆಯಿಲ್ಲದ ಕಡೆ ಹೊಟ್ಟೆ ಪರೀಕ್ಷಿಸಿದರೆ, ರಕ್ತ ಕಡಿಮೆಯಿದೆ ಎಂದಷ್ಟೇ ಹೇಳಿ ಮಾತ್ರೆ ಕೈಗಿಟ್ಟರೆ, ಅವಳು ಆ ಅವಮಾನವನ್ನು ಓಣಿಯ ಇತರ ಬಸುರಿಯರಿಗೂ ಹೇಳುತ್ತಾಳೆ. ಹೆರಿಗೆ ಕೋಣೆಯಲ್ಲಿ ಗರ್ಭಿಣಿಯ ಜೊತೆಗೆ ಅವಳಿಗೆ ಬೇಕಾದ ಹೆಣ್ಣುಮಗಳೊಬ್ಬಳು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ತಿಳಿಸಿದೆ. ತಾಯಿ ಪಕ್ಕದಲ್ಲಿರುತ್ತಾಳೆ ಎಂಬ ಭರವಸೆ ಎಷ್ಟು ಭಯವನ್ನು ಕಳೆಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಭೇಟಿಗೆ ನೀವೇ ಜೊತೆಯಲ್ಲಿ ಹೋಗಿ, ಅವಳಿಗೆ ಏನಾದರೂ ಕಹಿ ಅನುಭವವಾಗಿದ್ದರೆ ವೈದ್ಯಾಧಿಕಾರಿಗೆ ಹೇಳಿ.

ಪ್ರಶ್ನೆ: ಕುಬಸ (ಸೀಮಂತ) ಮುಗಿಸಿ ತವರಿಗೆ ಹೋದವರನ್ನು, ಬೆಂಗಳೂರಿಗೆ ಗುಳೆ ಹೋದವರನ್ನು ಹೇಗೆ ಗಮನಿಸುವುದು?

ಉತ್ತರ: ಹೊರಡುವ ಮುನ್ನ ತಾಯಿ ಕಾರ್ಡ್ ಅವರ ಚೀಲದಲ್ಲಿದೆಯೇ ಎಂದು ನೋಡಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಹಿಂದಿನ ಸಿಸೇರಿಯನ್ ಇವೆಲ್ಲ ಅದರಲ್ಲಿ ತುಂಬಿರಲಿ, ಏಕೆಂದರೆ ರಾತ್ರಿ ನೋವು ಬಂದಾಗ ಅಪರಿಚಿತ ವೈದ್ಯರಿಗೆ ಅವಳ ಪೂರ್ವವೃತ್ತಾಂತ ಹೇಳುವುದು ಆ ಕಾರ್ಡ್ ಮಾತ್ರ. ಸಾಧ್ಯವಾದರೆ ತವರೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಹೆರಿಗೆಯ ಅಂದಾಜು ದಿನಾಂಕವನ್ನು ತಿಳಿಸಿ.