ಸಂಪಾದಕರ ಉತ್ತರ: ಬರಿಗೈಯಲ್ಲಿ ಯಾರೂ ಬಂದಿರಲಿಲ್ಲ

ಪ್ರಿಯ ಸೋದರಿ,

ನಿಮ್ಮ ಪತ್ರ ಹನ್ನೆರಡು ದಿನದಿಂದ ನನ್ನ ಮೇಜಿನ ಮೇಲಿದೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಪತ್ರ ಅದಲ್ಲ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ತಿಳಿಯಲೆಂದು ಪತ್ರದ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ.

ನಿಮ್ಮ ಅಪ್ಪಯ್ಯ ಕುಂದಾಪುರದ ಕಡೆಯವರು. ಹನ್ನೆರಡನೇ ವಯಸ್ಸಿಗೆ ಘಟ್ಟ ಹತ್ತಿ ಬಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದರು. ಲೋಟ ತೊಳೆದರು, ಹಿಟ್ಟು ರುಬ್ಬಿದರು, ಕೊನೆಗೆ ಮಲೆನಾಡಿನ ಸಣ್ಣ ಪೇಟೆಯೊಂದರ ಬಸ್ ನಿಲ್ದಾಣದ ಎದುರು ಸ್ವಂತ ಹೋಟೆಲ್ ಇಟ್ಟು 31 ವರ್ಷ ನಡೆಸಿದರು. ಕಳೆದ ವರ್ಷ ಬಾಗಿಲು ಹಾಕಿದರು. ನಮ್ಮ ವಿಶೇಷ ಸಂಚಿಕೆಯಲ್ಲಿ ‘ಬರಿಗೈಯಲ್ಲಿ ಬಂದು ಕೋಟಿ ಕಟ್ಟಿದವರು’ ಎಂಬ ಲೇಖನ ಬಂದಿತ್ತಲ್ಲ, ಅದನ್ನು ಅವರು ಎರಡು ಸಲ ಓದಿ, ಪತ್ರಿಕೆ ಮಡಚಿಟ್ಟು, ‘ನಾನೇ ಎಲ್ಲೋ ತಪ್ಪಿದೆ ಮಗಾ’ ಎಂದರಂತೆ. ‘ಆ ಲೇಖನದಲ್ಲಿದ್ದವರೂ ಲೋಟ ತೊಳೆದವರೇ, ನನ್ನ ಅಪ್ಪಯ್ಯನೂ ಲೋಟ ತೊಳೆದವರೇ. ಹಾಗಾದರೆ ಅಪ್ಪಯ್ಯ ಏನು ಕಡಿಮೆ ಮಾಡಿದರು?’ ಎಂದು ಕೇಳಿದ್ದೀರಿ. ಕೆಲಸ ಬಿಟ್ಟು ಹೋಟೆಲ್ ಇಡುತ್ತೇನೆಂದು ಹೊರಟಿರುವ ನಿಮ್ಮ ತಮ್ಮನಿಗೆ ಏನು ಹೇಳಲಿ ಎಂದೂ ಕೇಳಿದ್ದೀರಿ.

ಆ ತಲೆಬರಹ ಕೊಟ್ಟವನು ನಾನೇ. ಅದು ತಪ್ಪು ತಲೆಬರಹ. 31 ವರ್ಷ ಊರಿಗೆ ಉಣಬಡಿಸಿದ ಹಿರಿಯರೊಬ್ಬರು ಅದನ್ನು ಓದಿ ತಮ್ಮ ಬದುಕನ್ನೇ ತಪ್ಪು ಎಂದುಕೊಂಡರಲ್ಲ, ಅದಕ್ಕೆ ಅವರ ಕ್ಷಮೆ ಕೇಳುತ್ತೇನೆ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಬರಿಗೈ ಎನ್ನುವ ಮಾತು ಏಕೆ ತಪ್ಪು ಎಂಬುದನ್ನು ಬೆಂಗಳೂರಿನ ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್ಸ್) ಹೋಟೆಲಿನ ಕತೆಯಿಂದಲೇ ಹೇಳುತ್ತೇನೆ. ಅಪ್ಪಯ್ಯನವರಿಗೆ ಅದು ನೆರೆಮನೆಯ ಕತೆ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಮಯ್ಯ ಸಹೋದರರು ಬೆಂಗಳೂರಿಗೆ ಬಂದದ್ದು 1920ರ ಆಸುಪಾಸಿನಲ್ಲಿ, ಉಳ್ಳವರ ಮನೆಗಳಲ್ಲಿ ಅಡುಗೆ ಮಾಡಲು. ಅವರ ಕೈರುಚಿ ಕಂಡ ಯಜಮಾನರೊಬ್ಬರು ಬೆನ್ನಿಗೆ ನಿಂತದ್ದರಿಂದ 1924ರಲ್ಲಿ ಲಾಲ್‌ಬಾಗ್ ಬಳಿ ಸಣ್ಣ ಹೋಟೆಲ್ ಶುರುವಾಯಿತು. ಐದೇ ವರ್ಷದಲ್ಲಿ ಹಿರಿಯಣ್ಣ ಪರಮೇಶ್ವರ ಮಯ್ಯರು ತೀರಿಕೊಂಡರು. ಆಮೇಲೆ ಅದನ್ನು ಎತ್ತಿ ನಿಲ್ಲಿಸಿದವರು ತಮ್ಮ ಯಜ್ಞನಾರಾಯಣ ಮಯ್ಯರು. ಕೈಯಲ್ಲಿ ದುಡ್ಡಿರಲಿಲ್ಲ, ನಿಜ. ಆದರೆ ಮನೆತನದಿಂದ ಬಂದ ಅಡುಗೆ ಇತ್ತು, ಜೊತೆಗೆ ದುಡಿಯುವ ಒಡಹುಟ್ಟಿದವರಿದ್ದರು, ನಂಬಿದ ಯಜಮಾನರಿದ್ದರು. ಇದನ್ನು ಬರಿಗೈ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೂ ಒಂದಿತ್ತು, ಅದನ್ನು ಮುಚ್ಚಿಡಬಾರದು. ಆ ಹೋಟೆಲಿನ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಅಡುಗೆಯವರ ಜಾತಿ ಕೇಳದೆ ಹೊರಗೆ ಊಟ ಮಾಡದವರೇ ತುಂಬಿದ್ದ ಕಾಲ ಅದು. ಹೋಟೆಲುಗಳ ಒಳಗೂ ಬ್ರಾಹ್ಮಣರಿಗೆಂದು ಬೇರೆ ಪಂಕ್ತಿ ಇರುತ್ತಿತ್ತು. ಅಷ್ಟೇ ಚೆನ್ನಾಗಿ ಅಡುಗೆ ಬಲ್ಲ ದಲಿತನೊಬ್ಬ ಅದೇ ಬೀದಿಯಲ್ಲಿ ಹೋಟೆಲ್ ಇಡಲು ಹೊರಟಿದ್ದರೆ ಒಲೆ ಹೊತ್ತಿಸುವುದಿರಲಿ, ಜಾಗವೇ ಬಾಡಿಗೆಗೆ ಸಿಗುತ್ತಿರಲಿಲ್ಲ. ಮಯ್ಯರ ದುಡಿಮೆಯನ್ನು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ಬಡವ ಬಡವನ ನಡುವೆಯೂ ಹೊರಡುವ ಜಾಗ ಒಂದೇ ಆಗಿರಲಿಲ್ಲ. ಗೆದ್ದವರ ಕತೆ ಬರೆಯುವಾಗ ನಾವು ಬಿಡುವ ಮೊದಲ ಸಾಲು ಇದೇ.

ಮದ್ರಾಸಿನ ವುಡ್‌ಲ್ಯಾಂಡ್ಸ್ ಹೋಟೆಲಿನ ಕೃಷ್ಣರಾಯರ ಕತೆಯಲ್ಲೂ ಹೀಗೊಂದು ಆಸರೆ ಇದೆ. ಅವರು ಕಡಂದಲೆಯ ಬಡ ಮನೆಯ ಹುಡುಗ. ಉಡುಪಿಯಲ್ಲಿ ಮಠದ ಚಾಕರಿ ಮಾಡಿದವರು, ಅಕ್ಕ ಭಾವನ ಬೆನ್ನು ಹಿಡಿದು ಮದ್ರಾಸಿಗೆ ಹೋದವರು. ಅಲ್ಲಿ ಆಚಾರಪ್ಪನ್ ಬೀದಿಯ ಹೋಟೆಲಿನಲ್ಲಿ ಅಡುಗೆಮನೆಯ ಕೆಲಸಕ್ಕೆ ನಿಂತರು. ಕೆಲ ಕಾಲದ ನಂತರ ಅದರ ಮಾಲೀಕರೇ ಆ ಹೋಟೆಲನ್ನು ಅವರಿಗೆ ಬಿಟ್ಟುಕೊಟ್ಟರು. ದುಡ್ಡನ್ನು ಕಂತಿನಲ್ಲಿ ಕೊಡು ಎಂದರು. ಸೋದರಿ, ಆ ಕಂತಿನ ಮೇಲೆ ಸ್ವಲ್ಪ ಹೊತ್ತು ಯೋಚಿಸಿ. ಎಂಜಲು ಎತ್ತುವ ಹುಡುಗನಿಗೆ ಯಾವ ಬ್ಯಾಂಕೂ ಸಾಲ ಕೊಡದ ಕಾಲದಲ್ಲಿ, ಇವನು ಕದಿಯುವವನಲ್ಲ ಎಂದು ತಿಳಿದ ಧನಿಯ ಮಾತೇ ಬಂಡವಾಳವಾಯಿತು. 1938ರ ವುಡ್‌ಲ್ಯಾಂಡ್ಸ್ ಆಗಲಿ, 1962ರಲ್ಲಿ ತೆರೆದು 2008ರವರೆಗೆ ಮದ್ರಾಸಿನವರ ಸಂಜೆಗಳನ್ನು ತುಂಬಿದ, ಕಾರಿನಲ್ಲೇ ಕೂತು ತಿನ್ನಬಹುದಾದ ಡ್ರೈವ್-ಇನ್ ಹೋಟೆಲ್ ಆಗಲಿ, ಆ ಕಂತಿನ ಹೋಟೆಲಿನ ಬೆನ್ನಿಗೇ ಬಂದವು. ಆ ಮಾಲೀಕರ ಹೆಸರು ಎಷ್ಟು ಜನಕ್ಕೆ ಗೊತ್ತು? ನಾವಂತೂ ಅವರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಬೆಳೆದವರಿಗೂ ಉಳಿದವರಿಗೂ ಏನು ವ್ಯತ್ಯಾಸ ಎಂಬುದು ನಿಮ್ಮ ಪ್ರಶ್ನೆ. ದುಡಿಮೆಯಲ್ಲಿ ವ್ಯತ್ಯಾಸವಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸದೆ ಹೋಟೆಲ್ ನಡೆಸಿದವರು ನಮ್ಮ ಕಡೆ ಯಾರೂ ಇಲ್ಲ. ನನಗೆ ಕಂಡ ವ್ಯತ್ಯಾಸ ಎರಡು.

ದಾರಿ ಮುಚ್ಚಿದಾಗ ಪಕ್ಕದಲ್ಲಿ ಇನ್ನೊಂದು ಬಾಗಿಲು ಸಿಕ್ಕಿತೇ ಇಲ್ಲವೇ ಎಂಬುದು ಒಂದು. 1942ರಲ್ಲಿ ಬರ್ಮಾ ಜಪಾನೀಯರ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಇಡ್ಲಿಯನ್ನೇ ನಂಬಿದ್ದ ಹೋಟೆಲುಗಳು ಏನು ಮಾಡಬೇಕು? ಎಂಟಿಆರ್‌ನವರು ಹೇಳುವಂತೆ, ಆ ಬರಗಾಲದಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದ್ದರಿಂದಲೇ ರವೆ ಇಡ್ಲಿ ಹುಟ್ಟಿತು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆಂದು ನೋಡಿ ಬಂದರು. ತಟ್ಟೆ ಲೋಟಗಳ ಶುಚಿ ಹೇಗಿರಬೇಕೆಂಬ ಹೊಸ ಕಟ್ಟುನಿಟ್ಟು ತಂದರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರವನ್ನು ಎಷ್ಟು ಇಳಿಸಿತೆಂದರೆ, ಅವರ ಗುಣಮಟ್ಟಕ್ಕೆ ಆ ದರ ಗಿಟ್ಟಲಿಲ್ಲ. ಹೋಟೆಲಿನ ಬಾಗಿಲು ಮುಚ್ಚಿತು. ಮುಚ್ಚಿದ ಆ ವರ್ಷಗಳಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾದ ತಿಂಡಿಯ ಹಿಟ್ಟುಗಳನ್ನು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಿದರು. ಹೋಟೆಲ್ ಮತ್ತೆ ತೆರೆದದ್ದು 1984ರಲ್ಲಿ. ಆ ಪೊಟ್ಟಣದ ವ್ಯಾಪಾರವೋ ಹೋಟೆಲನ್ನೂ ಮೀರಿ ಬೆಳೆದು, 2007ರಲ್ಲಿ ನಾರ್ವೆಯ ಆರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ಹೋಟೆಲ್ ಮಾತ್ರ ಮನೆಯವರ ಕೈಯಲ್ಲೇ ಉಳಿಯಿತು.

ಆ ದರ ನಿಯಂತ್ರಣಕ್ಕೆ ಸಿಕ್ಕಿ ಇನ್ನೂ ಎಷ್ಟು ಹೋಟೆಲುಗಳು ಒದ್ದಾಡಿದವೋ! ಅವುಗಳ ಮಾಲೀಕರೇನು ದಡ್ಡರೇ? ಇಲ್ಲ. ಪುಡಿ ಕುಟ್ಟಿ ಮಾರಲು ಜಾಗ ಬೇಕು, ಕೊಳ್ಳುವ ದೊಡ್ಡ ಊರು ಬೇಕು, ಒಂದೆರಡು ವರ್ಷ ಲಾಭವಿಲ್ಲದೆ ಮನೆ ನಡೆಸುವ ಕಸುವು ಬೇಕು. ಐವತ್ತು ವರ್ಷದ ಹೆಸರು ಬೆನ್ನಿಗಿದ್ದ ಹೋಟೆಲಿಗೆ ಅದು ಸಾಧ್ಯವಾಯಿತು. ನಿಮ್ಮ ಪೇಟೆಯಲ್ಲಿ ರಸ್ತೆ ಅಗಲ ಮಾಡಿ ಬಸ್ ನಿಲ್ದಾಣವನ್ನೇ ಊರಾಚೆ ಕಳಿಸಿದಾಗ, ಅಪ್ಪಯ್ಯನವರ ಎದುರು ಇನ್ನೊಂದು ಬಾಗಿಲು ಎಲ್ಲಿತ್ತು? ಹೊಸ ನಿಲ್ದಾಣದ ಮಳಿಗೆಗೆ ಕೇಳಿದ ಅಡ್ವಾನ್ಸ್ ಎಷ್ಟೆಂದು ನೀವೇ ಬರೆದಿದ್ದೀರಿ. ಅರವತ್ತನಾಲ್ಕನೇ ವಯಸ್ಸಿನಲ್ಲಿ ಅಷ್ಟು ಸಾಲ ಮಾಡದೆ ಹಿಂದೆ ಸರಿದದ್ದು ತಪ್ಪಲ್ಲ. ನಾನಾಗಿದ್ದರೂ ಸರಿಯುತ್ತಿದ್ದೆ.

ಇನ್ನೊಂದು, ಕಾಲ. ನಾವು ಬರೆಯುವಾಗ ಲೋಟ ತೊಳೆದ ವಾಕ್ಯಕ್ಕೂ ಹೋಟೆಲ್ ತೆರೆದ ವಾಕ್ಯಕ್ಕೂ ನಡುವೆ ಒಂದು ಪೂರ್ಣವಿರಾಮ ಹಾಕಿ ಮುಂದೆ ಹೋಗುತ್ತೇವೆ. ಸಾಗರ್ ರತ್ನ ಹೋಟೆಲುಗಳ ಜಯರಾಮ ಬನಾನ್ ಕಾರ್ಕಳದಿಂದ ಮುಂಬೈ ಕಡೆಗೆ ಓಡಿಹೋದದ್ದು 1967ರಲ್ಲಿ, ಇನ್ನೂ ಹುಡುಗನಾಗಿದ್ದಾಗ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದರು, ಸಪ್ಲೈಯರ್ ಆದರು, ಮ್ಯಾನೇಜರ್ ಆದರು. 1974ರಲ್ಲಿ ದೆಹಲಿಯ ಪಕ್ಕದ ಘಾಜಿಯಾಬಾದಿನಲ್ಲಿ ಕಾರ್ಖಾನೆಯ ಕ್ಯಾಂಟೀನ್ ಗುತ್ತಿಗೆ ಸಿಕ್ಕಿತು. ಡಿಫೆನ್ಸ್ ಕಾಲೊನಿಯಲ್ಲಿ ಸ್ವಂತ ಹೋಟೆಲ್ ತೆರೆದದ್ದು 1986ರಲ್ಲಿ. ಲೆಕ್ಕ ಹಾಕಿ, 19 ವರ್ಷ. ನಮ್ಮ ಲೇಖನದಲ್ಲಿ ಆ 19 ವರ್ಷಕ್ಕೆ ಸಿಕ್ಕಿದ್ದು ಅರ್ಧ ಸಾಲು.

ನ್ಯಾಚುರಲ್ಸ್ ಐಸ್‌ಕ್ರೀಮಿನ ರಘುನಂದನ ಕಾಮತರದ್ದೂ ಹಾಗೆಯೇ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ. ಯಾವ ಹಣ್ಣು ಇವತ್ತು, ಯಾವುದು ನಾಳೆ ಎಂದು ಮೂಸಿ, ಮುಟ್ಟಿ ಹೇಳುವ ವಿದ್ಯೆ ಅಪ್ಪನ ಜೊತೆ ಇದ್ದಾಗಲೇ ಬಂದಿತ್ತು. ಆಮೇಲೆ ಮುಂಬೈಯಲ್ಲಿ ಅಣ್ಣಂದಿರ ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದರು. 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ಸ್ವಂತ ಅಂಗಡಿ ತೆರೆದಾಗಲೂ ಬರೀ ಐಸ್‌ಕ್ರೀಮ್ ನಂಬಿ ಕೂರಲಿಲ್ಲ. ಪಾವ್‌ಭಾಜಿ ಮಾರುತ್ತಿದ್ದರು. ಖಾರ ತಿಂದವರು ತಂಪು ಕೇಳುತ್ತಿದ್ದರು. ಐಸ್‌ಕ್ರೀಮಿಗೇ ಜನ ಬರತೊಡಗಿದ ಮೇಲೆ ಪಾವ್‌ಭಾಜಿ ನಿಲ್ಲಿಸಿದರು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ, ನಮ್ಮದೂ ಸೇರಿ, ಎಳನೀರು ಐಸ್‌ಕ್ರೀಮಿನ ಬಗ್ಗೆ ಬರೆದವು. ನನಗೆ ಮಾತ್ರ ಆ ಪಾವ್‌ಭಾಜಿಯೇ ದೊಡ್ಡದಾಗಿ ಕಾಣುತ್ತದೆ. ಹೊಸದು ಕೈಹಿಡಿಯುವವರೆಗೆ ಬಾಡಿಗೆ ಕಟ್ಟಿದ್ದು ಅದು.

ನಿಮ್ಮ ತಮ್ಮನಿಗೆ ಹೇಳಬೇಕಾದದ್ದೂ ಇದರಲ್ಲೇ ಇದೆ. ಮೊದಲು ಒಂದು ವರ್ಷ ಬೇರೆಯವರ ಹೋಟೆಲಿನಲ್ಲಿ ಕೆಲಸ ಮಾಡಲಿ. ಗಲ್ಲಾದಲ್ಲಿ ಅಲ್ಲ, ಒಳಗೆ. ಅಡುಗೆ ಭಟ್ಟರು ಬಾರದ ದಿನ ಇನ್ನೂರು ಜನಕ್ಕೆ ಸಾಂಬಾರು ಮಾಡಲು ಬರದಿದ್ದರೆ ಹೋಟೆಲಿನ ಯಜಮಾನ ಅವನಲ್ಲ, ಭಟ್ಟರು. ಮುದ್ರಾ ಯೋಜನೆಯಲ್ಲಿ ಸಾಲ ಸಿಗುತ್ತದೆ, ನಿಜ. ಆದರೆ ಸಾಲವನ್ನೆಲ್ಲ ಬಣ್ಣದ ದೀಪಕ್ಕೂ ಮೇಜು ಕುರ್ಚಿಗೂ ಸುರಿಯಬಾರದು. ಮೊದಲ ಆರು ತಿಂಗಳ ಬಾಡಿಗೆ, ಸಂಬಳ ಕೈಯಲ್ಲಿರಲಿ. ಅಪ್ಪಯ್ಯನ ಕೈಯಲ್ಲಿ ಉಳಿದಿರುವ ಹಣವನ್ನಂತೂ ಮುಟ್ಟಬಾರದು. ಈ ಮಾತಿನಲ್ಲಿ ನನಗೆ ರಾಜಿಯಿಲ್ಲ.

ಪತ್ರದಲ್ಲಿ ನೀವು ಹಾಗೇ ಬರೆದುಬಿಟ್ಟ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ‘ದಿನಾ ರಾತ್ರಿ ಗಲ್ಲಾ ಎಣಿಸುವ ಮೊದಲು ಅಪ್ಪಯ್ಯ ಪಿಗ್ಮಿಯವನಿಗೆ ದುಡ್ಡು ತೆಗೆದಿಡುತ್ತಿದ್ದರು, ನನ್ನ ನರ್ಸಿಂಗ್ ಓದು ಅದರಲ್ಲೇ ಮುಗಿಯಿತು.’ ದಿನದಿನದ ಉಳಿತಾಯದ ಈ ಪಿಗ್ಮಿಯೂ ನಮ್ಮ ಊರಿನದೇ. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರೂ ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕು ಕಟ್ಟಿದರು. ನಂತರ ಸಿಂಡಿಕೇಟ್ ಬ್ಯಾಂಕ್ ಆದದ್ದು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಶುರುಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಆ ಬ್ಯಾಂಕು ಬೆಳೆದದ್ದರ ಕತೆಯನ್ನು ನಾವು ಎಷ್ಟೋ ಸಲ ಬರೆದಿದ್ದೇವೆ. ಎರಡಾಣೆ ಕೊಟ್ಟವರ ಕತೆ ಬರೆದಿಲ್ಲ. ದಿನಕ್ಕೆ ಅಷ್ಟಷ್ಟೇ ತೆಗೆದಿಟ್ಟವರು ಇಲ್ಲದಿದ್ದರೆ ಆ ಬ್ಯಾಂಕು ಎಲ್ಲಿರುತ್ತಿತ್ತು? ಮಗಳು ನರ್ಸ್ ಆದಳು, ಮಗ ಓದಿ ಕೆಲಸ ಹಿಡಿದ, ಹೋಟೆಲಿನಲ್ಲಿ ದುಡಿದ ನಾಲ್ಕು ಹುಡುಗರಲ್ಲಿ ಇಬ್ಬರು ಇವತ್ತು ಶಿವಮೊಗ್ಗದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾರೆ ಎಂದೂ ಬರೆದಿದ್ದೀರಿ. ಅವರು ಅಂಗಡಿ ಇಡುವಾಗ ಅಪ್ಪಯ್ಯ ಪಾತ್ರೆ, ಕಾವಲಿ ಕೊಟ್ಟು ಕಳಿಸಿದರಂತೆ. ಕೃಷ್ಣರಾಯರಿಗೆ ಕಂತಿನಲ್ಲಿ ಹೋಟೆಲ್ ಬಿಟ್ಟುಕೊಟ್ಟ ಮಾಲೀಕರು ಮಾಡಿದ್ದೂ ಇದನ್ನೇ ಅಲ್ಲವೇ?

ಇನ್ನು ನನ್ನದೊಂದು ಕೋರಿಕೆ. ಅಟ್ಟದ ಮೇಲೆ ಹೋಟೆಲಿನ ಲೆಕ್ಕದ ಪುಸ್ತಕಗಳು ಕಟ್ಟಿಟ್ಟ ಹಾಗೇ ಇವೆ ಎಂದಿದ್ದೀರಿ. ಗೆದ್ದಲು ಹಿಡಿಯದಂತೆ ನೋಡಿಕೊಳ್ಳಿ. ಅಪ್ಪಯ್ಯ ಒಪ್ಪಿದರೆ ಮುಂದಿನ ತಿಂಗಳು ನಾನೇ ಬರುತ್ತೇನೆ. ಒಂದು ಲೋಟ ಕಾಫಿಗೆ ಯಾವ ವರ್ಷ ಎಷ್ಟಿತ್ತು, ಹಾಲಿಗೆ ಎಷ್ಟು ಕೊಟ್ಟರು, ಸೌದೆಯಿಂದ ಗ್ಯಾಸಿಗೆ ಯಾವಾಗ ಬದಲಾದರು, ಯಾರ ಬಾಕಿ ವಸೂಲಾಗದೆ ಉಳಿಯಿತು, ಯಾರದ್ದನ್ನು ಅವರೇ ಹೊಡೆದುಹಾಕಿದರು, ಇದೆಲ್ಲ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ವಿಶೇಷ ಸಂಚಿಕೆಯಲ್ಲಿ ಆ ಲೇಖನಕ್ಕೆ ಕೊಟ್ಟಷ್ಟೇ ಪುಟ ಇದಕ್ಕೂ ಕೊಡುತ್ತೇನೆ. ತಲೆಬರಹ ಏನಿರಬೇಕೆಂದು ಅಪ್ಪಯ್ಯನೇ ಹೇಳಲಿ.

ವಿಶ್ವಾಸದಿಂದ,
ಸಂಪಾದಕ